ನಕಲು ಹೊಡೆದರೆ ಸೋಲಿಲ್ಲವೆ?

ಶಿವಮೊಗ್ಗದವರೂ ಭದ್ರಾವತಿಯವರೂ ಚೆಸ್ ಹಲಗೆಗೆ ಎದುರುಬದುರು ಕೂತರೆ ಇಬ್ಬರಿಗೂ ಒಂದೇ ಚಿಂತೆ: ಪಕ್ಕದೂರಿನವನ ಕೈಲಿ ಸೋತು, ಮತ್ತೆ ಬಸ್ಸು ಹತ್ತಿ ಬಂದು, ಊರಲ್ಲಿ ಮುಖ ತೋರಿಸೋದು ಹೇಗೆ? ಇಂಥ ಭಯಸ್ಥರಿಗೆ ಹೇಳಿ ಮಾಡಿಸಿದ್ದು ಇಂಗ್ಲಿಷ್ ಓಪನಿಂಗಿನ ಸರಿಸಮ ಆಟ. 1843ರಲ್ಲಿ ಇಂಗ್ಲೆಂಡಿನ ಹೋವರ್ಡ್ ಸ್ಟಾಂಟನ್ ಫ್ರಾನ್ಸಿನ ಸೇಂಟ್ ಅಮಾಂ ವಿರುದ್ಧ ಆಡಿದ್ದರಿಂದ ಆ ಹೆಸರು. ಪಾಳಿ ಕೆಲಸ, ಅಂಗಡಿ ವ್ಯಾಪಾರದ ನಡುವೆ ಪುಸ್ತಕ ಬಾಯಿಪಾಠ ಮಾಡಲು ಪುರಸೊತ್ತಿಲ್ಲದ ಹವ್ಯಾಸಿಗಳಿಗೆ ಇದು ಸಲೀಸು.

ಭದ್ರಾವತಿಯವರು ಬಿಳಿ ಅಂತಿಟ್ಟುಕೊಳ್ಳಿ. ಕಾಲಾಳು ಸಿ-4 ಅಂದರು, ಶಿವಮೊಗ್ಗದವರು ಸಿ-5. ಕುದುರೆಗೆ ಕುದುರೆ. ಜಿ ಸಾಲಿನ ಕಾಲಾಳು ಇಬ್ಬರದ್ದೂ ಒಂದೊಂದು ಮನೆ. ಬಿಷಪ್ ಅನ್ನಿ, ಒಂಟೆ ಅನ್ನಿ, ಅದು ಅತ್ತ ಜಿ-2ರಲ್ಲಿ ಕೂತರೆ ಇತ್ತ ಜಿ-7ರಲ್ಲಿ. ಎ-3ಕ್ಕೆ ಎ-6. ಆನೆ ಬಿ-1ಕ್ಕೆ, ಇವರದ್ದು ಬಿ-8ಕ್ಕೆ. ಏಳನೇ ನಡೆ ಬಿ-4, ಹೊಡೆತಕ್ಕೆ ಹೊಡೆತ. ಕಪ್ಪು ಬಿ-5, ಮತ್ತೆ ಹೊಡೆತಕ್ಕೆ ಹೊಡೆತ. ಒಂಬತ್ತು ನಡೆ ಮುಗಿದಾಗ ಹಲಗೆ ಕನ್ನಡಿ ಹಿಡಿದಂಗೆ!

ರಾಜನ ಮುಂದಿನ ಕಾಲಾಳು ತಳ್ಳಿ ಶುರು ಮಾಡೋ ಆಟದಲ್ಲಿ ಈ ನಕಲು ನಡೆಯೋದಿಲ್ಲ. ಅಲ್ಲಿ ಕುದುರೆಗೆ ಕುದುರೆ ತಂದು, ಕಾಲಾಳಿಗೆ ಕಾಲಾಳು ಹೊಡೆದರೆ, ನಾಲ್ಕನೆಯದಕ್ಕೆ ಬಿಳಿ ರಾಣಿ ಇ-2ಕ್ಕೆ ಬರುತ್ತಾಳೆ. ಗಾಬರಿಯಿಂದ ಕುದುರೆ ಹಿಂದಕ್ಕೆ ತೆಗೆದಿರೋ, ಬಿಳಿ ಕುದುರೆ ಸಿ-6ಕ್ಕೆ ಹಾರಿ ರಾಣಿಯ ದಾರಿ ಬಿಟ್ಟು ಚೆಕ್ ಕೊಡುತ್ತದೆ. ನಿಮ್ಮ ರಾಣಿ ಹೋದಳು! ಸಿ-4 ಆಟದಲ್ಲಿ ನಡುಹಲಗೆ ತೆರೆಯದೆ, ಪಡೆಗಳು ದೂರದೂರ ಇರೋದರಿಂದ ನಕಲಿಗೆ ಆಯುಸ್ಸು ಜಾಸ್ತಿ, ಅಷ್ಟೆ.

ಆದರೆ ಒಂದು ನಡೆ ಮುಂದಿರುವವರು ಯಾವತ್ತೂ ಬಿಳಿಯವರೇ ಸ್ವಾಮಿ. ಹತ್ತನೆಯದಕ್ಕೆ ಅವರ ಇನ್ನೊಂದು ಕುದುರೆ ಎಫ್-3ಕ್ಕೆ ಬರುತ್ತೆ. ಆಗಲೂ ನಕಲಿಸಿ ಎಫ್-6 ಅಂದರೆ, ಅವರು ಡಿ-4 ಎಂದು ನಡುವನ್ನು ಕೈಗೆ ತಗೋತಾರೆ. ಕಪ್ಪಿನವರೇ ಮೊದಲು ಡಿ-5 ಅಂತ ಕಾಲಾಳು ನೂಕಿದರೆ ಆಟಕ್ಕೆ ಜೀವ ಬರುತ್ತೆ.

ಹವ್ಯಾಸಿಗಳು ಎಡವೋದು ಇಲ್ಲೇ. ‘ಸಮ ಸಮ’ ಅಂತ ಕೈಕುಲುಕಿ, ಅರ್ಧ ಪಾಯಿಂಟು ಜೇಬಿಗೆ ಹಾಕಿಕೊಂಡು ಏಳುತ್ತಾರೆ. ಮರ್ಯಾದೆ ಉಳೀತು, ಕಲಿಕೆ ನಿಂತಿತು. ದೇಶಕ್ಕೆ ವಿಶ್ವನಾಥನ್ ಆನಂದ್ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದದ್ದು 1988ರಲ್ಲಿ. ಕರ್ನಾಟಕಕ್ಕೆ ಮೈಸೂರಿನ ಎಂ.ಎಸ್. ತೇಜಕುಮಾರ್ ಮೊದಲಿಗರಾದದ್ದು 2017ರಲ್ಲಿ. ಆ ಎತ್ತರ ಎಲ್ಲರಿಗೂ ಸಿಗಲಿಕ್ಕಿಲ್ಲ. ಹತ್ತನೇ ನಡೆಯ ಧೈರ್ಯ ಮಾತ್ರ ಯಾರಿಗಾದರೂ ಸಿಕ್ಕೀತು.

ತುಂಗೆಯೂ ಭದ್ರೆಯೂ ಹುಟ್ಟೋದು ಒಂದೇ ಬೆಟ್ಟದಲ್ಲಿ. ಹಾಗಂತ ಒಂದೇ ದಾರಿ ಹಿಡಿದಾವೆ?