ರಾತ್ರಿ ಎರಡರ ರಿಸ್ಟಾರ್ಟ್

ಆ ಹಳೆಯ ಕೋಡು ನಮ್ಮ ಕೈಗೆ ಬರುವ ಹೊತ್ತಿಗೆ ಅದನ್ನು ಬರೆದವರು ಯಾರೂ ಕಂಪನಿಯಲ್ಲಿ ಉಳಿದಿರಲಿಲ್ಲ. ನಡುವೆ ನೋಡಿಕೊಂಡಿದ್ದ ತಂಡ ಎರಡು ವಾರ ಕೆಟಿ ಕೊಟ್ಟಿತು. ಬೆಂಗಳೂರಿನ ಸಾಫ್ಟ್‌ವೇರ್ ಮಂದಿ ಕೆಲಸ ಒಪ್ಪಿಸಿ ಕೈತೊಳೆದುಕೊಳ್ಳುವುದಕ್ಕೆ ಇಟ್ಟ ಹೆಸರು ಅದು. ನೆನಪಿನಲ್ಲಿ ಉಳಿದದ್ದು ಒಂದೇ ಮಾತು: ‘ರಾತ್ರಿ ಎರಡಕ್ಕೆ ಸರ್ವರ್ ರಿಸ್ಟಾರ್ಟ್ ಆಗುತ್ತೆ, ಅದೊಂದನ್ನ ಮುಟ್ಟಬೇಡಿ ಸರ್.’

ಮುಟ್ಟಿದೆವು. ಮರುದಿನ ಮಧ್ಯಾಹ್ನದ ಹೊತ್ತಿಗೆ ಪುಟಗಳು ತಿಣುಕಾಡಿ ಕೈಚೆಲ್ಲಿದವು. ಗಾಬರಿಯಲ್ಲಿ ರಿಸ್ಟಾರ್ಟನ್ನು ಮತ್ತೆ ಹಾಕಿ, ಹುಡುಕಲು ಕೂತೆವು.

ಕೋಡು ಡಾಟ್‌ನೆಟ್‌ನದು. ಬಳಸಿ ಬಿಟ್ಟ ಮೆಮೊರಿಯನ್ನು ಅಲ್ಲಿ ಗಾರ್ಬೇಜ್ ಕಲೆಕ್ಟರ್ ಗುಡಿಸುತ್ತದೆ. ಉಪಾಯ ಹಳೆಯದೇ, ಲಿಸ್ಪ್ ಭಾಷೆಗಾಗಿ ಜಾನ್ ಮೆಕಾರ್ಥಿ 1959ರ ಸುಮಾರಿಗೆ ಕಂಡುಕೊಂಡದ್ದು. ಆದರೆ ಈ ಜಾಡಮಾಲಿಗೆ ಕಾಣುವುದು ಮೆಮೊರಿ ಮಾತ್ರ. ಡೇಟಾಬೇಸ್ ಕನೆಕ್ಷನ್ ಮೆಮೊರಿಯಲ್ಲಿ ಹಿಡಿಯುವ ಜಾಗ ಅಷ್ಟಕ್ಕಷ್ಟೆ, ಬೆಲೆ ಮಾತ್ರ ದುಬಾರಿ. ನಾವಾಗಿ ಏನೂ ಬದಲಿಸದಿದ್ದರೆ, ಅವನ್ನು ಕೂಡಿಡುವ ಒಂದು ಪೂಲ್‌ನಲ್ಲಿ ಇರುವುದು ಹೆಚ್ಚೆಂದರೆ 100 ಕನೆಕ್ಷನ್. ಅಷ್ಟನ್ನೂ ಯಾರೋ ಹಿಡಿದು ಕೂತರೆ ಮುಂದಿನವನು 15 ಸೆಕೆಂಡು ಕಾದು ಬರಿಗೈಲಿ ಮರಳುತ್ತಾನೆ. ಗುಡಿಸುವವನೋ ಮೆಮೊರಿ ಸಾಕಷ್ಟಿದೆಯೆಂದು ಇತ್ತ ತಲೆಹಾಕುವುದಿಲ್ಲ. ಅದಕ್ಕೇ ಇರುವುದು ಡಿಸ್ಪೋಸ್: ಕೆಲಸ ಮುಗಿದ ಕೂಡಲೇ ನಾವೇ ಹಿಂದಿರುಗಿಸುವ ಏರ್ಪಾಟು.

ನಮ್ಮ ಕೋಡಿನಲ್ಲಿ ಡಿಸ್ಪೋಸ್ ಇತ್ತು! ಇದ್ದೂ ಸೋರುತ್ತಿತ್ತು. ಕನೆಕ್ಷನ್ ಇದ್ದದ್ದು ಮೂಲ ಕ್ಲಾಸಿನಲ್ಲಿ. ಅದರಿಂದ ಹುಟ್ಟಿದ ಕ್ಲಾಸು ತನ್ನದೇ ಡಿಸ್ಪೋಸ್ ಬರೆದುಕೊಂಡು, ತನ್ನ ಫೈಲುಗಳನ್ನು ಅಚ್ಚುಕಟ್ಟಾಗಿ ಮುಚ್ಚಿ, ಮೂಲದ ಡಿಸ್ಪೋಸನ್ನು ಕರೆಯುವುದನ್ನೇ ಮರೆತಿತ್ತು. ಮಗ ತನ್ನ ಕೋಣೆಗೆ ಬೀಗ ಹಾಕಿ ಊರಿಗೆ ಹೋದ. ಅಪ್ಪನ ಕಾಲದ ಉಗ್ರಾಣ ಹಾಗೇ ತೆರೆದಿತ್ತು. ಕಂಪೈಲರ್ ಕೂಡ ತುಟಿ ಬಿಚ್ಚಿರಲಿಲ್ಲ. ಮೊದಲು ಮಗನದು, ಆಮೇಲೆ ಅಪ್ಪನದು: ಕಟ್ಟಿದ ಕ್ರಮಕ್ಕೆ ತಿರುಗುಮುರುಗಾಗಿ ಬಿಚ್ಚಬೇಕು.

ಸಿಕ್ಕ ಹುರುಪಿನಲ್ಲಿ ಎಲ್ಲೆಂದರಲ್ಲಿ ಡಿಸ್ಪೋಸ್ ತುರುಕಿದ್ದು ನಮ್ಮ ತಪ್ಪು. ಬೇರೆಯವರು ಕೊಟ್ಟ ಕನೆಕ್ಷನ್ನನ್ನೂ ಮುಚ್ಚಿಬಿಟ್ಟೆವು. ಪಕ್ಕದ ಮನೆಯ ಕೊಡಪಾನವನ್ನು ಹಿಂದಿರುಗಿಸದೆ ಗುಜರಿಗೆ ಹಾಕಿದ ಹಾಗೆ. ಎಚ್‌ಟಿಟಿಪಿ ಕ್ಲೈಂಟ್ ಇನ್ನೂ ವಿಚಿತ್ರ. ಅದಕ್ಕೂ ಡಿಸ್ಪೋಸ್ ಉಂಟು, ಆದರೆ ಒಂದನ್ನೇ ಇಟ್ಟುಕೊಂಡು ಮತ್ತೆ ಮತ್ತೆ ಬಳಸಬೇಕು. ಪ್ರತಿ ಸಲ ಹೊಸದು ಮಾಡಿ ಮುಚ್ಚುತ್ತ ಹೋದರೆ, ಮುಚ್ಚಿದ ಸಾಕೆಟ್‌ಗಳು ಇನ್ನೂ ಕೆಲಹೊತ್ತು ಪೋರ್ಟ್ ಹಿಡಿದೇ ಇರುತ್ತವೆ. ದಟ್ಟಣೆಯಲ್ಲಿ ಪೋರ್ಟುಗಳೇ ಮುಗಿದುಹೋಗುತ್ತವೆ.

ಕೊನೆಗೆ ಉಳಿದ ತಿದ್ದುಪಡಿ ಒಂದೇ ಸಾಲು: ಮೂಲದ ಡಿಸ್ಪೋಸನ್ನು ಕರೆಯುವುದು. ರಾತ್ರಿಯ ರಿಸ್ಟಾರ್ಟ್ ಇನ್ನು ಬೇಡವೆಂದು ಮ್ಯಾನೇಜರಿಗೆ ಹೇಳಿದೆ. ‘ಇದೆಯಲ್ಲ, ಇರಲಿ ಬಿಡಿ’ ಅಂದರು.