ತಿಪ್ಪೆಗೆ ಹಾಕುವ ಹುಣಸೆ ಬೀಜದಿಂದ ಸೀರೆಗೆ ಗಂಜಿ

ಶಿವರಾತ್ರಿ ಕಳೆದು ಹೊಸ ಹುಣಸೆಹಣ್ಣು ಬಂತೆಂದರೆ ಬೀಜ ಬಿಡಿಸಿ, ಉಪ್ಪು ಬೆರೆಸಿ ಜಾಡಿಗೆ ತುಂಬುವ ಕೆಲಸ. ಬೀಜದ ಗತಿಯೇನು? ಚೌಕಾಬಾರಕ್ಕೆ ಮಕ್ಕಳು ನಾಲ್ಕು ಎತ್ತಿಟ್ಟುಕೊಂಡರೆ ಉಳಿದದ್ದೆಲ್ಲ ತಿಪ್ಪೆಗೆ! ಈ ಸಲ ಹಾಗೆ ಮಾಡಬೇಡಿ, ಸೋದರಿಯರೇ.

ಬೀಜದೊಳಗಿನ ಬಿಳಿ ಬೇಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಒಂದು ಅಂಟು ಪದಾರ್ಥ. ನೀರಿನಲ್ಲಿ ಕರಗುವ ಪಾಲಿಮರ್ ಎಂದು ವಿಜ್ಞಾನಿಗಳು ಕರೆಯುವುದು ಇಂಥದ್ದನ್ನೇ. ಹೆಸರು ಕೇಳಿ ಗಾಬರಿಯಾಗಬೇಡಿ. ದಾರಕ್ಕೆ ಮಣಿ ಪೋಣಿಸಿದ ಹಾಗೆ, ಸಕ್ಕರೆಯ ಜಾತಿಯ ಕಣಗಳು ಕೂಡಿದ ಉದ್ದನೆಯ ಸರ, ಅಷ್ಟೆ. ತಣ್ಣೀರಿನಲ್ಲಿ ಉಬ್ಬುತ್ತದೆ, ಕುದಿಸಿದರೆ ಕರಗಿ ಗಂಜಿಯಾಗುತ್ತದೆ.

ಕಂಬಳಿ ನೇಯುವ ಕುರುಬರು ಉಣ್ಣೆಯ ಎಳೆಗೆ ಬಿಗಿ ಬರಲೆಂದು ಹಚ್ಚುವುದು ಇದನ್ನೇ. ಕೊಪ್ಪಳದ ಕಿನ್ನಾಳದ ಗೊಂಬೆಗಳಿಗೂ ಇದೇ ಅಂಟು. 1940ರ ದಶಕದಲ್ಲಿ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇದರ ಗುಣ ಪರೀಕ್ಷಿಸಿದರು. ಬಟ್ಟೆ ಮತ್ತು ಸೆಣಬಿನ ಗಿರಣಿಗಳಲ್ಲೂ ನೂಲಿಗೆ ಗಂಜಿಯಾಗಿ ಬಳಕೆಗೆ ಬಂತು.

ಮಾಡುವ ಕ್ರಮ

ಬೀಜಗಳನ್ನು ತೊಳೆದು ಒಣಗಿಸಿ. ಬಾಣಲೆಯಲ್ಲಿ ಸಿಪ್ಪೆ ಬಿರಿಯುವಷ್ಟು ಹುರಿಯಿರಿ, ಸೀಯಬಾರದು. ಒರಳಿನಲ್ಲಿ ಕುಟ್ಟಿ, ಮೊರದಲ್ಲಿ ಕೇರಿ ಸಿಪ್ಪೆಯನ್ನೆಲ್ಲ ತೆಗೆಯಿರಿ. ಬೇಳೆಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ನುಣ್ಣಗೆ ರುಬ್ಬಿ. 25 ಗ್ರಾಂ ಒಣ ಬೇಳೆಗೆ 1 ಲೀಟರು ನೀರು ಸಾಕು. ನೀರು ಕುದಿಯುವಾಗ ರುಬ್ಬಿದ್ದನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತ, ಗಂಟಾಗದಂತೆ ಕೈಯಾಡಿಸಿ. ಸಣ್ಣ ಉರಿಯಲ್ಲಿ ಅರ್ಧ ಗಂಟೆ ಬೇಯಿಸಿ, ತೆಳು ಬಟ್ಟೆಯಲ್ಲಿ ಸೋಸಿ. ಬೇಕಾದಷ್ಟು ನೀರು ಬೆರೆಸಿ, ಒಗೆದ ಹತ್ತಿ ಸೀರೆಯನ್ನು ಅದ್ದಿ ಹಿಂಡಿ ಒಣಗಿಸಿ. ನೀರು ಕಮ್ಮಿ ಮಾಡಿ ಗಟ್ಟಿಯಾಗಿ ಕಾಯಿಸಿದರೆ ಮಕ್ಕಳ ಪುಸ್ತಕಕ್ಕೆ ರಟ್ಟು ಹಾಕುವ ಅಂಟು ಸಿದ್ಧ.

ನನ್ನ ತಪ್ಪು ನಿಮಗೆ ಬೇಡ

ಮೊದಲ ಸಲ ನಾನು ಅವಸರದಲ್ಲಿ ಅರೆಬರೆ ಸಿಪ್ಪೆ ತೆಗೆದು, ಕಬ್ಬಿಣದ ಬಾಣಲೆಯಲ್ಲೇ ಕಾಯಿಸಿದೆ. ನಮ್ಮವರ ಬಿಳಿ ಪಂಚೆ ಬೂದಿ ಬಣ್ಣಕ್ಕೆ ತಿರುಗಿತು! ಮದುವೆಗೆ ಉಟ್ಟುಕೊಂಡು ಹೋಗಬೇಕಿದ್ದ ಪಂಚೆ ಅದು. ಸಿಪ್ಪೆಯಲ್ಲಿರುವ ಒಗರು ಬಟ್ಟೆಗೆ ಬಣ್ಣ ಕಟ್ಟುತ್ತದೆ, ಕಬ್ಬಿಣ ಸೇರಿದರೆ ಕಪ್ಪಾಗುತ್ತದೆ. ಹುರಿಯೋದಕ್ಕೆ ಕಬ್ಬಿಣ ಸರಿ, ಕಾಯಿಸೋದಕ್ಕೆ ಸ್ಟೀಲಿನ ಪಾತ್ರೆಯೇ ಆಗಬೇಕು. ಮೊದಲು ಒಂದು ಹಳೇ ಕರವಸ್ತ್ರ ಅದ್ದಿ ನೋಡಿ, ಆಮೇಲೆ ಸೀರೆ.

ಗಂಜಿ ಎರಡನೇ ದಿನಕ್ಕೇ ಹುಳಿ ನಾತ ಹೊಡೆಯುತ್ತದೆ, ಅಂದಂದಿಗೆ ಬೇಕಾದಷ್ಟೇ ಮಾಡಿ. ಅಂಟು ಕೆಡದಿರಲೆಂದು ಮೈಲುತುತ್ತ ಬೆರೆಸುವವರಿದ್ದಾರೆ. ಅದು ವಿಷ, ಮಕ್ಕಳಿರುವ ಮನೆಗೆ ಬೇಡವೇ ಬೇಡ. ಮಳೆಗಾಲದಲ್ಲಿ ಗಂಜಿ ಹಾಕಿದ ಬಟ್ಟೆಯನ್ನು ಪೆಟ್ಟಿಗೆಯಲ್ಲಿ ಬಹಳ ದಿನ ಇಡಬೇಡಿ, ಬೂಷ್ಟು ಹಿಡಿಯುತ್ತದೆ.

ಒಣ ಬೇಳೆ ಮಾತ್ರ ತೇವ ತಾಗದ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಈ ವರ್ಷ ಹುಣಸೆಯ ಜಾಡಿಯ ಪಕ್ಕದಲ್ಲೇ ಬೀಜಕ್ಕೂ ಒಂದು ಡಬ್ಬಿ ಇಡಿ.