ಮೈಕಿನ ಮುಂದೆ ಇಪ್ಪತ್ಮೂರು ಹೆರಿಗೆ, ಆಸ್ಪತ್ರೆಯಲ್ಲಿ ಒಂದೇ ಒಂದು!

ನನ್ನ ಮುಖವನ್ನು ನೀವು ನೋಡಿಲ್ಲ. ಆದರೆ ನನ್ನ ಕಿರುಚಾಟವನ್ನು ಖಂಡಿತ ಕೇಳಿದ್ದೀರಿ!

ಪರಭಾಷೆಯಿಂದ ಬಂದ ನಾಯಕಿ ಬೆಳ್ಳಿತೆರೆಯ ಮೇಲೆ ಮಂಚದ ಸರಳು ಹಿಡಿದು "ಅಮ್ಮಾ..." ಅಂತ ಚೀರ್ತಾಳಲ್ಲ, ಹೊರಗೆ ಗುಡುಗು ಸಿಡಿಲು, ವರಾಂಡದಲ್ಲಿ ನಾಯಕನ ಶತಪಥ... ಆ 'ಅಮ್ಮಾ' ನನ್ನದು. ನಾನು ಕಂಠದಾನ ಕಲಾವಿದೆ. ತುಟಿ ಅವರದು, ನೋವು ನಮ್ಮದು ಅಂತ ನಮ್ಮ ನಮ್ಮಲ್ಲೇ ತಮಾಷೆ ಮಾಡೋದುಂಟು. ನನ್ನ ಸ್ವಂತ ಹೆರಿಗೆಗೆ ಮುಂಚೆ ಹೀಗೆ ಮೈಕಿನ ಮುಂದೆ ನಿಂತು ಇಪ್ಪತ್ಮೂರು ಮಕ್ಕಳನ್ನು ಹೆತ್ತಿದ್ದೆ. ಲೆಕ್ಕ ಇಟ್ಟವಳು ನಾನಲ್ಲ, ನಮ್ಮ ಯಜಮಾನರು. ಅವರೂ ಚಿತ್ರರಂಗದವರೇ, ಲೈಟಿಂಗ್ ವಿಭಾಗ.

ಹೆರಿಗೆ ಸೀನಿಗೊಂದು ಸೂತ್ರ ಇದೆ. ಮೊದಲು ಒಂದು ಸಣ್ಣ ನರಳಾಟ, ಆಮೇಲೆ ಮಧ್ಯಮ ಚೀರು, ಕೊನೆಗೆ ಥಿಯೇಟರಿನ ಹಿಂದಿನ ಸಾಲಿಗೂ ಮುಟ್ಟೋ ದೊಡ್ಡ ಚೀರು. ಅಷ್ಟರಲ್ಲಿ ಯಾರೋ ಅಜ್ಜಿ "ಬಿಸಿನೀರು ತನ್ನಿ" ಅಂತಾಳೆ. ಕಟ್. ಒಂದು ಕ್ಷಣ ನಿಶ್ಶಬ್ದ. ಮಗು ಅಳು. ಡಾಕ್ಟರು ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು "ಕಂಗ್ರಾಜುಲೇಷನ್ಸ್". ಒಟ್ಟು ಎರಡು ನಿಮಿಷ! ನನ್ನ ಇಪ್ಪತ್ಮೂರು ಹೆರಿಗೆಯೂ ಹೆಚ್ಚು ಕಡಿಮೆ ಹೀಗೇ ಆಗಿದ್ದು. ಟೇಕ್ ಓಕೆ ಆದಮೇಲೆ ಒಂದು ಲೋಟ ಬಿಸಿ ಬಾದಾಮಿ ಹಾಲು, ಗಂಟಲಿಗೆ.

ಇಪ್ಪತ್ನಾಲ್ಕನೆಯದು 2012ರ ಆಷಾಢದಲ್ಲಿ, ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ. ಅದಕ್ಕೆ ಹಿಡಿದದ್ದು 29 ಗಂಟೆ 40 ನಿಮಿಷ. ಎರಡೂವರೆ ಗಂಟೆಯ ಚಿತ್ರವನ್ನು ಅಷ್ಟು ಹೊತ್ತಿನಲ್ಲಿ ಹತ್ತಿರ ಹತ್ತಿರ ಹನ್ನೆರಡು ಆಟ ನೋಡಬಹುದು, ಲೆಕ್ಕ ಹಾಕಿಕೊಳ್ಳಿ!

ಸೋಮವಾರ ರಾತ್ರಿ ಹತ್ತೂವರೆಗೆ ಶುರು. ಸೊಂಟದ ಹಿಂದಿನಿಂದ ಹೊರಟು ಹೊಟ್ಟೆಯನ್ನು ಮುಂದಕ್ಕೆ ಬಿಗಿದು ಕಟ್ಟಿದ ಹಾಗೆ ಒಂದು ನೋವು. ಅರ್ಧ ನಿಮಿಷ ಇತ್ತು, ಹೋಯಿತು. ಇಷ್ಟೇನಾ ಅಂದುಕೊಂಡೆ. ಇಪ್ಪತ್ತು ನಿಮಿಷಕ್ಕೆ ಮತ್ತೊಂದು. ಬಾಣಂತನಕ್ಕೆಂದು ತಿಪಟೂರಿನಿಂದ ಬಂದಿದ್ದ ಅಮ್ಮ ಗಡಿಯಾರ ನೋಡುತ್ತಾ ಕೂತಳು. ರಾತ್ರಿ ಎರಡಕ್ಕೆ ಆಟೋ ಹಿಡಿದೆವು. ಆಟೋದವನು ಪ್ರತಿ ಹಂಪಿನಲ್ಲೂ "ಸಾರಿ ಅಕ್ಕಾ, ಸಾರಿ ಅಕ್ಕಾ" ಅಂತ ಅಂಗಲಾಚುತ್ತಾ ಓಡಿಸಿದ. ಇವತ್ತಿಗೂ ಅವನನ್ನು ಮರೆತಿಲ್ಲ.

ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರು ಪರೀಕ್ಷೆ ಮಾಡಿ, "ಎರಡು ಸೆಂಟಿಮೀಟರ್" ಅಂದರು. ಗರ್ಭಕೋಶದ ಬಾಯಿ ಹತ್ತು ಸೆಂಟಿಮೀಟರ್ ತೆರೆದರೆ ಮಾತ್ರ ಮಗುವಿಗೆ ದಾರಿ. ನಾಲ್ಕು ಗಂಟೆ ನೋವು ತಿಂದು ನನ್ನ ಗಳಿಕೆ ಎರಡು! ತಮ್ಮಂದಿರೇ, ಸಿನಿಮಾದಲ್ಲಿ ಈ ಸೆಂಟಿಮೀಟರಿನ ಮಾತೇ ಬರುವುದಿಲ್ಲ. ಚೊಚ್ಚಲ ಹೆರಿಗೆ ಅಂದರೆ ಮುಕ್ಕಾಲು ಪಾಲು ಇದನ್ನು ಕಾಯೋದೇ. ಗಂಟೆಗೊಂದು ಸೆಂಟಿಮೀಟರ್ ತೆರೆಯಲೇಬೇಕು ಅಂತ ಡಾಕ್ಟರುಗಳೇ ಬಹಳ ಕಾಲ ಲೆಕ್ಕ ಇಟ್ಟಿದ್ದರು. ಎಲ್ಲ ಹೆಂಗಸರಿಗೂ ಆ ಲೆಕ್ಕ ಹೊಂದುವುದಿಲ್ಲ, ಐದು ಸೆಂಟಿಮೀಟರ್ ತಲುಪುವವರೆಗಿನ ಹಂತಕ್ಕೆ ಇಷ್ಟೇ ಹೊತ್ತು ಅನ್ನುವ ನಿಯಮವೂ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿತು. ನನಗಾಗ ಇದೆಲ್ಲ ಎಲ್ಲಿ ಗೊತ್ತು? ನನ್ನಲ್ಲೇ ಏನೋ ಐಬು ಅಂದುಕೊಂಡು ಕಾರಿಡಾರಿನಲ್ಲಿ ಗೋಡೆ ಹಿಡಿದು ನಡೆದೆ. ನೋವು ಬಂದಾಗ ನಿಲ್ಲೋದು, ಹೋದಾಗ ನಡೆಯೋದು.

ಮಂಗಳವಾರ ಮಧ್ಯಾಹ್ನಕ್ಕೆ ನಾಲ್ಕು ಸೆಂಟಿಮೀಟರ್. ಅಲ್ಲಿಂದ ನನ್ನನ್ನು ಹೆರಿಗೆ ಕೋಣೆಗೆ ಕರೆದುಕೊಂಡರು. ಬಾಗಿಲ ಹತ್ತಿರ ಅಮ್ಮನ ಕೈ ಬಿಡಿಸಿದರು. "ಒಳಗೆ ಯಾರಿಗೂ ಪ್ರವೇಶವಿಲ್ಲ." ಯಜಮಾನರು ಏನೋ ಹೇಳಲು ಬಾಯಿ ತೆರೆದರು, ಬಾಗಿಲು ಮುಚ್ಚಿತು.

ಈಗ ಮೊದಲ ಬಾರಿಗೆ ನನಗೆ ಭಯವಾಯಿತು. ನಮ್ಮಂಥವರಿಗೆ ಭಯವಾದರೂ ನೆನಪಾಗೋದು ಸಿನಿಮಾನೇ. ಸ್ಮಿತಾ ಪಾಟೀಲ್ ನೆನಪಾದರು. ನಮ್ಮ 'ಅನ್ವೇಷಣೆ'ಯಲ್ಲಿ ನಟಿಸಿದ್ದರಲ್ಲ, ಅದೇ ಸ್ಮಿತಾ. 1986ರ ಡಿಸೆಂಬರ್ 13ರಂದು, ಮಗ ಹುಟ್ಟಿ ಎರಡು ವಾರಕ್ಕೆ ತೀರಿಕೊಂಡರು, ಮೂವತ್ತೊಂದೇ ವರ್ಷ. ಅವರ ಹಿಂದೆಯೇ ತ್ರಿವೇಣಿ. ಪುಟ್ಟಣ್ಣ ಕಣಗಾಲರ 'ಬೆಳ್ಳಿಮೋಡ', 'ಶರಪಂಜರ' ಎರಡೂ ಅವರ ಕಾದಂಬರಿಗಳೇ. 'ಬೆಳ್ಳಿಮೋಡ'ದ ಕತೆ ತಿರುಗೋದೇ ತಡವಾಗಿ ಹುಟ್ಟಿದ ಒಬ್ಬ ತಮ್ಮನಿಂದ. 'ಶರಪಂಜರ'ದ ಕಾವೇರಿಯ ಮನಸ್ಸು ಒಡೆಯೋದು ಹೆರಿಗೆ ಆದಮೇಲೆ. ಕಲ್ಪನಾ ಅವರ ಆ ಅಭಿನಯಕ್ಕೆ ಚಪ್ಪಾಳೆ ಹೊಡೆದವರಲ್ಲಿ ಎಷ್ಟು ಜನಕ್ಕೆ ಗೊತ್ತು, ಬಾಣಂತಿಯ ಸಂಕಟವನ್ನು ಅಷ್ಟು ಚೆನ್ನಾಗಿ ಬರೆದ ತ್ರಿವೇಣಿಯವರೇ 1963ರಲ್ಲಿ ಹೆಣ್ಣುಮಗುವನ್ನು ಹೆತ್ತು ಕೆಲವೇ ದಿನಗಳಲ್ಲಿ ಹೋಗಿಬಿಟ್ಟರು ಅಂತ? 1967ರ 'ಬೆಳ್ಳಿಮೋಡ'ವನ್ನೂ ಅವರು ನೋಡಲಿಲ್ಲ, 'ಶರಪಂಜರ'ವನ್ನೂ ನೋಡಲಿಲ್ಲ. ಇವನ್ನೆಲ್ಲ ಆ ಮಂಚದ ಮೇಲೆ ಮಲಗಿ ಯೋಚಿಸಬಾರದು. ಯೋಚಿಸಿದೆ.

(ಕಾಲ ಬದಲಾಗಿದೆ ಅನ್ನಿ. 2018ರಿಂದ 2020ರವರೆಗಿನ ಸರ್ಕಾರಿ ಅಂಕಿ ಪ್ರಕಾರ ದೇಶದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 97 ತಾಯಂದಿರ ಸಾವು, ಕರ್ನಾಟಕದಲ್ಲಿ 69. ಕಡಿಮೆಯಾಗಿದೆ ನಿಜ. ಆದರೆ ಆ ಅರವತ್ತೊಂಬತ್ತರಲ್ಲಿ ಒಬ್ಬಳು ನಾನಾಗಲಾರೆ ಅಂತ ಬರೆದುಕೊಡುವವರು ಯಾರು?)

ಸಂಜೆ ಐದಕ್ಕೆ ಡ್ರಿಪ್ ಹಾಕಿದರು. ಅದರಲ್ಲಿ ಆಕ್ಸಿಟೋಸಿನ್, ನೋವು ಹೆಚ್ಚಿಸುವ ಔಷಧಿ. ನಮ್ಮ ಮೈಯಲ್ಲೇ ಹುಟ್ಟುವ ರಸವಂತೆ. 1953ರಲ್ಲಿ ಅಮೆರಿಕದ ಡು ವಿನ್ಯೋ ಅನ್ನುವ ವಿಜ್ಞಾನಿ ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದ, 1955ರಲ್ಲಿ ನೊಬೆಲ್ ಬಹುಮಾನವೂ ಬಂತು. ಕೊಟ್ಟವರಲ್ಲಿ ಯಾರೂ ಹೆತ್ತವರಿರಲಿಕ್ಕಿಲ್ಲ! ಡ್ರಿಪ್ ಹಾಕಿದ ಅರ್ಧ ಗಂಟೆಗೆ ಇಂಟರ್ವಲ್ಲೇ ಇಲ್ಲ. ಮೂರು ನಿಮಿಷಕ್ಕೊಂದು, ಎರಡು ನಿಮಿಷಕ್ಕೊಂದು, ಒಂದೊಂದೂ ಒಂದು ನಿಮಿಷ ಹಿಡಿದು ಹಿಂಡುತ್ತದೆ.

ಆಗ ಒಂದು ವಿಚಿತ್ರ ಆಯಿತು. ನನಗೆ ಕಿರುಚಲಾಗಲಿಲ್ಲ! ವೃತ್ತಿಯಲ್ಲಿ ಕಿರುಚಿ ಅನ್ನ ತಿನ್ನೋಳು ನಾನು. ಮೊದಮೊದಲು ಒಂದೆರಡು ಸಲ "ಅಮ್ಮಾ" ಅಂದದ್ದು ನಿಜ. ಒಬ್ಬ ನರ್ಸ್ ತೊಡೆಗೆ ಫಟ್ ಅಂತ ಹೊಡೆದು, "ಸಿನಿಮಾದೋರಂತಲ್ಲ, ಇಲ್ಲಿ ಡ್ರಾಮಾ ಬೇಡ" ಅಂದಳು. ನೋವಿಗಿಂತ ಆ ಮಾತು ಜಾಸ್ತಿ ಸುಟ್ಟಿತು. ಆದರೆ ಬಾಯಿ ಮುಚ್ಚಿಸಿದ್ದು ಅವಳಲ್ಲ. ನೋವು ಜೋರಾದ ಹಾಗೆ ದನಿ ತಾನಾಗಿಯೇ ಕೆಳಗಿಳಿಯಿತು. ಗಂಟಲಿನಿಂದಲ್ಲ, ಹೊಟ್ಟೆಯ ತಳದಿಂದ ಒಂದು ಹೂಂಕಾರ. ಕೆಸರಲ್ಲಿ ಹೂತ ಗಾಡಿ ಎಳೆಯೋ ಎತ್ತಿನ ಉಸಿರು ಕೇಳಿದ್ದೀರಾ? ಅದು. ಅಂಥ ಶಬ್ದ ನನ್ನೊಳಗೆ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ.

ರಾತ್ರಿ ಪಾಳಿಗೆ ಬಂದ ಒಬ್ಬ ಆಯಾ ನನ್ನನ್ನು ಉಳಿಸಿದಳು. ಅವಳ ಕೆಲಸ ನೆಲ ಒರೆಸೋದು, ಬಟ್ಟೆ ಬದಲಾಯಿಸೋದು. ಅದನ್ನೆಲ್ಲ ಮುಗಿಸಿ ಬಂದು ಮಂಚದ ಪಕ್ಕ ನಿಂತಳು. "ಕೂಗದೆ ಇರೋದೇ ಒಳ್ಳೇದು ಮಗಾ, ಕೂಗಿದ್ರೆ ಶಕ್ತಿಯೆಲ್ಲ ಬಾಯಾಗೇ ಹೊಂಟೋಯ್ತದೆ. ಉಸ್ರು ಬುಡು... ಹಾಂ, ನಿಧಾನುಕ್ಕೆ ಬುಡು." ಪ್ರತಿ ನೋವಿಗೂ ಸೊಂಟಕ್ಕೆ ಅಂಗೈ ಒತ್ತಿ ಹಿಡಿಯೋಳು. ಕೈಗೆ ಫಿನಾಯಿಲ್ ವಾಸನೆ. ನನ್ನ ಉಗುರು ನಾಟಿ ಅವಳ ಮುಂಗೈಯಲ್ಲಿ ರಕ್ತ ಬಂದದ್ದನ್ನು ಬೆಳಿಗ್ಗೆ ನೋಡಿದೆ. ಬಿಸಿನೀರನ್ನು ಯಾರಾದರೂ ತಂದರಾ ಅಂತ ಕೇಳ್ತೀರಾ? ತಂದರು. ನರ್ಸ್‌ಗಳ ಟೀಗೆ!

ಹೆರಿಗೆಯ ಉದ್ದಕ್ಕೂ ತಾಯಿಗೆ ಬೇಕಾದವರೊಬ್ಬರು ಪಕ್ಕದಲ್ಲಿರಬೇಕು ಅನ್ನೋದು ಈಗ ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು. ನಮ್ಮ ಕೇಂದ್ರ ಸರ್ಕಾರವೂ 2016ರಲ್ಲಿ ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಗೆ ಜೊತೆಗಾತಿಯೊಬ್ಬಳನ್ನು ಬಿಡಬಹುದು ಅಂದಿತು. ನನ್ನ ಪಾಲಿಗೆ ಬಂದದ್ದು ಆ ಆಯಾ, ಅದೂ ಪುಕ್ಕಟೆಯಾಗಿ.

ರಾತ್ರಿ ಎರಡಕ್ಕೆ ಡಾಕ್ಟರು "ಹತ್ತು" ಅಂದರು. ಇನ್ನು ಮುಕ್ಕೋದು. ಹೊಟ್ಟೆಯ ಮೇಲೆ ಡಾಪ್ಲರ್ ಅನ್ನುವ ಪುಟ್ಟ ಯಂತ್ರ ಇಟ್ಟು ಮಗುವಿನ ಎದೆಬಡಿತ ಕೇಳಿಸುತ್ತಿದ್ದರು. ಟಪ ಟಪ ಟಪ ಟಪ... ದೂರದಲ್ಲಿ ಕುದುರೆ ಓಡಿಬಂದ ಹಾಗೆ. ನಿಮಿಷಕ್ಕೆ 110ರಿಂದ 160ರವರೆಗೆ ಇದ್ದರೆ ಸರಿ. ನನ್ನದು ಶಬ್ದದ ಕಸುಬು, ಎರಡು ಫ್ರೇಮ್ ಹಿಂದೆ ಮುಂದೆ ಆದರೂ ಕಿವಿಗೆ ಗೊತ್ತಾಗುತ್ತೆ. ಮೂರೂವರೆ ಸುಮಾರಿಗೆ ಒಂದು ನೋವಿನ ನಡುವೆ ಆ ಕುದುರೆ ನಿಧಾನವಾಯಿತು. ಟಪ... ಟಪ... ಟಪ... ನೋವು ಇಳಿದ ಮೇಲೂ ಓಟ ಹಿಡಿಯಲಿಲ್ಲ. ನರ್ಸ್ ಇನ್ನೂ ಕೇಸ್ ಶೀಟ್ ಬರೆಯುತ್ತಿದ್ದಳು.

"ಸಿಸ್ಟರ್, ಅದು ಸ್ಲೋ ಆಗ್ತಿದೆ" ಅಂದೆ.

ಅವಳು ತಲೆ ಎತ್ತಿದಳು. ಕಿವಿಗೊಟ್ಟಳು. ಪೆನ್ನು ಇಟ್ಟು ಓಡಿದಳು. ಆ ತೊಡೆಗೆ ಹೊಡೆದವಳೇ! ಎರಡು ನಿಮಿಷದಲ್ಲಿ ಹಿರಿಯ ಡಾಕ್ಟರು ಬಂದರು. ಡ್ರಿಪ್ ನಿಲ್ಲಿಸಿದರು, ನನ್ನನ್ನು ಎಡಮಗ್ಗುಲಿಗೆ ಹೊರಳಿಸಿದರು. ಬಡಿತ ಏರಿತು, ಮತ್ತೆ ಇಳಿಯಿತು.

ಹೊರಗಿನ ಕತೆ ಆಮೇಲೆ ಕೇಳಿದ್ದು. ಯಜಮಾನರು ನಾಯಕನ ಹಾಗೆ ಶತಪಥ ತಿರುಗಲಿಲ್ಲ. ಎಂಟು ಟೀ ಕುಡಿದು ಕಂಬಕ್ಕೊರಗಿ ನಿದ್ದೆ ಹೋಗಿದ್ದರು. ಎಬ್ಬಿಸಿ ಒಂದು ಫಾರಂ ಕೈಗೆ ಕೊಟ್ಟರು, "ಸಹಿ ಹಾಕಿ". ಆಪರೇಷನ್ ಬೇಕಾದರೆ ಒಪ್ಪಿಗೆ. ಅವರಿಗೆ ನೂರು ಸಿನಿಮಾ ಒಟ್ಟಿಗೆ ಕಣ್ಮುಂದೆ ಬಂತಂತೆ, 'ತಾಯಿ ಬೇಕೋ ಮಗು ಬೇಕೋ, ಒಬ್ಬರನ್ನೇ ಉಳಿಸೋಕಾಗೋದು' ಅನ್ನೋ ಡೈಲಾಗು! ಪೆನ್ನು ಹಿಡಿದ ಕೈ ನಡುಗುತ್ತಾ, "ನನಗೆ ಅವಳು ಬೇಕು ಸಿಸ್ಟರ್, ಅವಳು ಬೇಕು" ಅಂದುಬಿಟ್ಟರಂತೆ. ಆ ಹುಡುಗಿ ಕಕ್ಕಾಬಿಕ್ಕಿ. "ಅದನ್ನ್ಯಾರು ಕೇಳಿದ್ರು ಸಾರ್? ಸಹಿ ಹಾಕಿ ಸಾಕು." ಈಗ ನೆನೆಸಿಕೊಂಡು ನಗ್ತೀವಿ. ಆದರೆ ಯಾರೂ ಕೇಳದ ಪ್ರಶ್ನೆಗೆ ಅವರು ಕೊಟ್ಟ ಉತ್ತರ ಇದೆಯಲ್ಲ, ಅದಕ್ಕಿಂತ ದೊಡ್ಡ ಲವ್ ಡೈಲಾಗು ನಾನು ಯಾವ ಸಿನಿಮಾಕ್ಕೂ ಡಬ್ ಮಾಡಿಲ್ಲ.

ಆಪರೇಷನ್ ಬೇಕಾಗಲಿಲ್ಲ. ತಲೆ ಚೆನ್ನಾಗಿ ಕೆಳಗೆ ಬಂದಿತ್ತು. ಡಾಕ್ಟರು ವ್ಯಾಕ್ಯೂಮ್ ಅಂದರು. 'ತ್ರೀ ಈಡಿಯಟ್ಸ್' ನೋಡಿದ್ದೀರಲ್ಲ? 2009ರ ಚಿತ್ರ. ಮಳೆ, ಕರೆಂಟಿಲ್ಲ, ಹುಡುಗರು ಸೇರಿ ಕಸ ಹೀರೋ ಯಂತ್ರದಲ್ಲಿ ಹೆರಿಗೆ ಮಾಡಿಸ್ತಾರೆ. ಅಲ್ಲಿ ಉಪಕರಣ ಸುಳ್ಳು, ಉಪಾಯ ನಿಜ. ಒಂದು ಬಟ್ಟಲನ್ನು ಮಗುವಿನ ನೆತ್ತಿಗೆ ಕೂರಿಸಿ, ಗಾಳಿ ಹೀರಿ ಅಂಟಿಸಿ, ತಾಯಿ ಮುಕ್ಕುವಾಗಲೇ ಎಳೆಯುತ್ತಾರೆ. ಬರೀ ಎಳೆದರೆ ಬರುವುದಿಲ್ಲ, ನಾನೂ ತಳ್ಳಬೇಕು. ಇಪ್ಪತ್ತೊಂಬತ್ತು ಗಂಟೆ ಆದಮೇಲೆ! "ಇನ್ನೊಂದೇ ಒಂದು" ಅಂದರು ಡಾಕ್ಟರು. ಸುಳ್ಳು, ಮೂರು ಬೇಕಾಯಿತು. ನಮ್ಮ ಡೈರೆಕ್ಟರುಗಳೂ ಹಾಗೇ, ಲಾಸ್ಟ್ ಟೇಕ್ ಅಂತ ಹೇಳಿ ಏಳು ತೆಗೀತಾರೆ.

4 ಗಂಟೆ 10 ನಿಮಿಷಕ್ಕೆ ಮಗು ಬಂತು.

ಅಳಲಿಲ್ಲ.

ಸಿನಿಮಾದಲ್ಲಿ ಆ ಒಂದು ಕ್ಷಣದ ನಿಶ್ಶಬ್ದ ಬರುತ್ತಲ್ಲ, ಅದೊಂದನ್ನು ಮಾತ್ರ ನಮ್ಮವರು ಸರಿಯಾಗಿ ಇಡ್ತಾರೆ, ಉದ್ದ ಮಾತ್ರ ತಪ್ಪು. ಮೂಲೆಯ ಮೇಜಿನ ಮೇಲೆ ಇಬ್ಬರು ಬಗ್ಗಿಕೊಂಡು ಬಟ್ಟೆಯಿಂದ ಬೆನ್ನು ತಿಕ್ಕುತ್ತಿದ್ದರು. ಯಾರೂ ಮಾತಾಡಲಿಲ್ಲ. ಆಯಾ ನನ್ನ ಕೈ ಬಿಡಲಿಲ್ಲ, ಆದರೆ ಅವಳೂ ಆ ಕಡೆಯೇ ನೋಡುತ್ತಿದ್ದಳು. ಗೋಡೆ ಗಡಿಯಾರದ ಮುಳ್ಳಿನ ಸದ್ದು ಕೇಳಿಸುತ್ತಿತ್ತು. ಆಮೇಲೆ ಬೆಕ್ಕಿನ ಮರಿ ಸೀನಿದ ಹಾಗೆ ಒಂದು ಸದ್ದು. ಇನ್ನೊಂದು. ಆಮೇಲೆ ಅಳು! ಎಂಥ ಅಳು ಅಂತೀರಿ, ಮೀಟರಿನ ಮುಳ್ಳು ಕೆಂಪಿಗೆ ಹೋಗೋ ಅಳು.

ಹೆಣ್ಣು. ಎರಡು ಕೆ.ಜಿ. ಒಂಬೈನೂರು ಗ್ರಾಂ. ಬಟ್ಟಲು ಅಂಟಿದ ಕಡೆ ನೆತ್ತಿ ಊದಿ ಗಾಂಧಿ ಟೋಪಿ ಇಟ್ಟ ಹಾಗಿತ್ತು. ಅಮ್ಮ ನೋಡಿ ಹೌಹಾರಿದಳು. ಎರಡು ಮೂರು ದಿನದಲ್ಲಿ ಇಳಿಯಿತು. ನನಗೆ ಹೊಲಿಗೆ, ಹದಿನೈದು ದಿನ ನೆಟ್ಟಗೆ ಕೂರಲಾಗಲಿಲ್ಲ. ಆಯಾಗೆ ಒಂದು ಸೀರೆ ಕೊಡಿಸಬೇಕು ಅಂತ ಮೂರನೆಯ ದಿನ ಹುಡುಕಿಸಿದೆ, ಪಾಳಿ ಬದಲಾಗಿತ್ತು. ಆಮೇಲೂ ಸಿಗಲಿಲ್ಲ.

ಐದು ತಿಂಗಳಿಗೆ ಮತ್ತೆ ಕೆಲಸಕ್ಕೆ ಹೋದೆ. ಮೊದಲನೇ ದಿನವೇ ಏನು ಬಂತು ಹೇಳಿ ನೋಡೋಣ? ಹೆರಿಗೆ ಸೀನು! ಅಮ್ಮ ಮಗಳನ್ನು ಎತ್ತಿಕೊಂಡು ಹೊರಗೆ ಬೆಂಚಿನ ಮೇಲೆ ಕೂತಳು. ನಾನು ಹೆಡ್‌ಫೋನ್ ಹಾಕಿಕೊಂಡೆ. ತೆರೆಯ ಮೇಲೆ ನಾಯಕಿ ಮೇಕಪ್ಪು ಒಂಚೂರೂ ಅಳಿಸದೆ ಮಂಚ ಹಿಡಿದಳು. ನಾನು ಕಣ್ಣು ಮುಚ್ಚಿ ಆ ರಾತ್ರಿಯ ಶಬ್ದ ಕೊಟ್ಟೆ. ಹೊಟ್ಟೆಯ ತಳದ್ದು.

ಗಾಜಿನ ಆಚೆಯಿಂದ ಡೈರೆಕ್ಟರ ದನಿ ಬಂತು. "ಏನ್ ಮೇಡಂ, ಕೆಟ್ಟ ಬಸ್ಸು ತಳ್ತಿದ್ದೀರಾ?"

"ಹೀಗೇ ಸಾರ್ ಆಗೋದು."

"ಆಗ್ಲಿ ಮೇಡಂ, ಬೇಡ ಅಂದೋರ್ಯಾರು? ಆದ್ರೆ ಹೆರಿಗೆ ಅಂತ ಜನಕ್ಕೆ ಗೊತ್ತಾಗ್ಬೇಕಲ್ಲ! ಮೊದ್ಲಿನ ಹಾಗೇ ಕೊಡಿ, ಚೆನ್ನಾಗಿ ಕೊಡ್ತಿದ್ರಿ."

ಕೊಟ್ಟೆ. ಸಣ್ಣದು, ಮಧ್ಯಮ, ದೊಡ್ಡದು. ಒಂದೇ ಟೇಕಿಗೆ ಓಕೆ ಆಯಿತು. ಆ ಮೂರನೆಯ ಚೀರಿಗೆ ಹೊರಗೆ ಮಲಗಿದ್ದ ಮಗಳು ಬೆಚ್ಚಿ ಎದ್ದು ಅಳೋದಕ್ಕೆ ಶುರು ಮಾಡಿದಳು. ಅಸಿಸ್ಟೆಂಟ್ ಹುಡುಗ ಬಾಗಿಲು ತೆಗೆದು ಕೂಗಿದ, "ಯಾರ್ರೀ ಅದು, ಸೈಲೆನ್ಸ್!"